ಬರಿ ಸಮುದ್ರ, ಕಂಬದ ಸಮುದ್ರ

ಈ ಜೂನ್‌ನಲ್ಲಿ ಅಹಮದಾಬಾದಿನಿಂದ ಸೂರತ್‌ಗೆ ಹೋಗುತ್ತಿದ್ದ ರೈಲು ವಡೋದರಾದಲ್ಲಿ ನಿಂತಾಗ ಬಾಗಿಲ ಬಳಿ ಒಂದು ವಾಸನೆ ಬಂತು. ಆಗಷ್ಟೇ ನೆನೆದ ಮಣ್ಣು, ಅದರೊಳಗೆ ಕಾರ್ಖಾನೆಯ ಹುಳಿ ಘಾಟು, ಎಲ್ಲೋ ಕಾಯುತ್ತಿದ್ದ ಎಣ್ಣೆ. ನನ್ನ ಮನಸ್ಸು ಒಂದಿಷ್ಟೂ ತಡೆಯದೆ ಅದಕ್ಕೊಂದು ಹೆಸರು ಕೊಟ್ಟಿತು: ಗೋರ್ವಾ. ಮರುಕ್ಷಣವೇ ನನ್ನೊಳಗಿನ ಇನ್ನೊಬ್ಬಳು ತಕರಾರು ತೆಗೆದಳು. ಜೂನ್‌ನಲ್ಲಿ ಇಲ್ಲಿ ಗಾಳಿ ನೈಋತ್ಯದಿಂದ ಬೀಸುತ್ತದೆ. ಗೋರ್ವಾ ಬಡಾವಣೆ ಇರುವುದು ನಿಲ್ದಾಣದ ವಾಯವ್ಯಕ್ಕೆ. ಅಲ್ಲಿನ ವಾಸನೆ ಇಲ್ಲಿಗೆ ಬರಬೇಕಾದರೆ ಗಾಳಿ ಪಕ್ಕಕ್ಕೆ ತಿರುಗಿ ನಡೆಯಬೇಕು. ಹಾಗಾದರೆ ನನ್ನ ಮೂಗಿಗೆ ಬಂದದ್ದು ಏನು?

ಗಾಳಿಯ ಬಗ್ಗೆ ಓದಿದವರ ಪಾಡು ಇದು. ನೆನಪು ಬಂದರೂ ಯಾವ ದಿಕ್ಕಿನಿಂದ ಬಂತು ಎಂದು ಕೇಳುತ್ತೇವೆ. ರೈಲು ಹೊರಟ ಮೇಲೆ ಸೀಟಿಗೆ ಬಂದು ಕೂತೆ. ಎದುರಿನ ಹೆಂಗಸು ಗರಿಗರಿ ಖಾಖರಾ ರೊಟ್ಟಿಯ ಪೊಟ್ಟಣ ಬಿಚ್ಚಿ, "ಲೋ ಬೆನ್, ಲೋ" ಎಂದು ನನ್ನತ್ತ ಚಾಚಿದರು. ತೆಗೆದುಕೊಂಡೆ. ಸೂರತ್ ಬರುವವರೆಗೂ ವರ್ಷಗಳ ಹಿಂದಿನ ಒಂದು ಮಳೆಗಾಲ ನನ್ನನ್ನು ಬಿಡಲಿಲ್ಲ. ಅದನ್ನು ಬರೆಯುವ ಮುಂಚೆ ಒಂದು ಮಾತು ಹೇಳಿಬಿಡಬೇಕು. ನಾನು ಕಾಲೇಜಿನ ದಿನಗಳಿಂದಲೂ ದಿನಚರಿ ಬರೆಯುವವಳು. ಬರೆದದ್ದು ನಿಜವಾಗಿ ಉಳಿಯುತ್ತದೆ ಎಂದು ನಂಬಿದ್ದೆ. ಆ ವರ್ಷದ ದಿನಚರಿ ತೆಗೆದು ನೋಡಿದರೆ ಸೆಖೆ, ತೇವ, ಮೋಡ, ಕರೆಂಟು ಹೋದದ್ದು ಎಲ್ಲ ಇದೆ. ಬೇಕಾದದ್ದು ಯಾವುದೂ ಇಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಬರೆದಿಡದೆ ಬಿಟ್ಟದ್ದು. ಅದರ ಭರವಸೆ ನಾನು ಕೊಡಲಾರೆ.

ಆಗ ನಾನು ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಸ್ಯಾಟಲೈಟ್ ಎಂಬ ಬಡಾವಣೆಯ ಒಂದು ಹಳೆಯ ಹೌಸಿಂಗ್ ಸೊಸೈಟಿಯಲ್ಲಿ ಮೇಲಿನ ಮಹಡಿಯ ಮನೆ, ಜೊತೆಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಇಬ್ಬರು ಹುಡುಗಿಯರು. ಬಾಲ್ಕನಿಯ ಮುಂದೆ ಒಂದು ಬೇವಿನ ಮರ. ಅದರ ತುಂಬ ಸಂಕ್ರಾಂತಿಯಲ್ಲಿ ಹರಿದು ಬಿದ್ದ ಗಾಳಿಪಟಗಳು ಮಳೆ ಬರುವವರೆಗೂ ನೇತಾಡುತ್ತಿದ್ದವು. ಮೊದಲ ಮಳೆಗೆ ಕಾಗದ ಕರಗಿ ಬರೀ ಬಿದಿರಿನ ಕಡ್ಡಿಗಳು ಉಳಿಯುತ್ತಿದ್ದವು. ಆ ಊರಿನಲ್ಲಿ ನನಗೆ ಮಳೆಗಾಲ ಶುರುವಾಯಿತು ಎನ್ನಿಸುತ್ತಿದ್ದದ್ದು ಆಗ.

ನಮ್ಮ ಕೆಲಸವನ್ನು ಮನೆಯವರಿಗೆ ವಿವರಿಸುವುದು ಕಷ್ಟವಾಗುತ್ತಿತ್ತು. ಖಂಭಾತ್ ಕೊಲ್ಲಿಯ ಹೊರಗೆ, ಸಮುದ್ರದ ನಡುವೆ ಸಾಲು ಸಾಲಾಗಿ ಗಾಳಿಯಂತ್ರಗಳನ್ನು ನಿಲ್ಲಿಸುವ ಮಾತು ನಡೆದಿತ್ತು. ಒಂದೂ ನಿಂತಿರಲಿಲ್ಲ. ನಿಂತರೆ ಸುತ್ತಲಿನ ವಾತಾವರಣಕ್ಕೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಮುಂಚಿತವಾಗಿ ನೋಡುವುದು ನಮ್ಮ ಯೋಜನೆ. ಗಾಳಿಯಂತ್ರ ಗಾಳಿಯಿಂದ ಬಲವನ್ನು ಕಿತ್ತುಕೊಳ್ಳುತ್ತದೆ. ಅದರ ಬೆನ್ನಿಗೆ ಸೋತ ಗಾಳಿಯ ಉದ್ದನೆಯ ನೆರಳೊಂದು ಬೀಳುತ್ತದೆ. ಆ ನೆರಳು ಎಷ್ಟು ದೂರ ಹೋಗುತ್ತದೆ? ಸಮುದ್ರದಲ್ಲೇ ಕರಗುತ್ತದೆಯೋ, ನೆಲವನ್ನು ಮುಟ್ಟಿ ಮಳೆಯನ್ನು ಅಲುಗಿಸುತ್ತದೆಯೋ? ಇಷ್ಟೇ ಪ್ರಶ್ನೆ. ಉತ್ತರ ಹುಡುಕುವ ರೀತಿಯೂ ಸರಳವೇ. ಆಗಿಹೋದ ಒಂದು ಮಳೆಗಾಲವನ್ನು ತೆಗೆದುಕೊಂಡು ಅದನ್ನು ಕಂಪ್ಯೂಟರಿನಲ್ಲಿ ಎರಡು ಸಲ ನಡೆಸುವುದು. ಒಂದು ಸಲ ಸಮುದ್ರ ಇದ್ದ ಹಾಗೆಯೇ. ಇನ್ನೊಂದು ಸಲ, ಅದೇ ಸಮುದ್ರದಲ್ಲಿ ಇನ್ನೂ ಹುಟ್ಟದ ಗಾಳಿಯಂತ್ರಗಳನ್ನು ನೆಟ್ಟು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದೇ ಗಾಳಿಯಂತ್ರಗಳು ಮಾಡಿದ್ದು.

ಈ ಎರಡು ಓಟಗಳಿಗೆ ಹೆಸರಿಟ್ಟವನು ಜೊತೆಗೆ ಕೆಲಸ ಮಾಡುತ್ತಿದ್ದ ಮಲ್ಲಿಕಾರ್ಜುನ. ಬರಿ ಸಮುದ್ರ, ಕಂಬದ ಸಮುದ್ರ. ಆಮೇಲೆ ಇಡೀ ಗುಂಪಿಗೆ ಅದೇ ಹೆಸರು ಅಂಟಿಕೊಂಡಿತು. ನಮ್ಮ ಯೋಜನೆಯ ಮುಖ್ಯಸ್ಥರಾದ ದೇಸಾಯಿ ಸರ್ ಅಪ್ಪಟ ಗುಜರಾತಿ, ಅವರೂ ಬೆಳಿಗ್ಗೆ ಬಂದ ಕೂಡಲೆ, "ಮಲ್ಲುಭಾಯಿ, ಕಂಬ್‌ದ ಸಮುದ್ರ ಕಹಾಂ ತಕ್ ಪಹುಂಚಾ?" ಎಂದು, ಅದು ಎಲ್ಲಿಯವರೆಗೆ ಬಂತೆಂದು ಕೇಳುತ್ತಿದ್ದರು.

ಮಲ್ಲಿಕಾರ್ಜುನ ಯೋಜನೆಯ ತಾತ್ಕಾಲಿಕ ಹುದ್ದೆಗೆ ಆ ಬೇಸಿಗೆಯಲ್ಲಿ ಬಂದು ಸೇರಿದ್ದ. ನಾನು ಅವನನ್ನು ನೋಡುವ ಮೊದಲು ಕೇಳಿದೆ. ಮೆಟ್ಟಿಲ ತಿರುವಿನಲ್ಲಿ ಯಾರೋ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದರು: "ಇನ್ನೂ ಗೊತ್ತಾಗಿಲ್ಲ ಬೇ ಯವ್ವಾ. ನಿನ್ನೆರ ಬಂದೀನಿ. ಗೊತ್ತಾದ ದಿನ ನಾನ ಫೋನ್ ಮಾಡ್ತೀನಿ, ಇಡು." ಬಹಳ ತಿಂಗಳುಗಳ ನಂತರ ಆ ಕಟ್ಟಡದಲ್ಲಿ ಕಿವಿಗೆ ಬಿದ್ದ ಕನ್ನಡ. ನಮ್ಮ ತುಮಕೂರಿನ ಕನ್ನಡವಲ್ಲ, ಆದರೂ ಕಾಲು ತಾನಾಗಿಯೇ ನಿಂತಿತು.

"ಏನ್ರೀ ಗೊತ್ತಾಗ್ಬೇಕು ನಿಮ್ಮ ತಾಯಿಗೆ?" ಎಂದೆ.

ಅವನು ಬೆಚ್ಚಿ ತಿರುಗಿದ. ಆಮೇಲೆ ಮುಖ ತುಂಬ ನಕ್ಕ. "ನಮ್ಮದು ಗದಗ ಕಡೆರಿ. ನಮ್ಮೂರ ಗುಡ್ಡದ ಮ್ಯಾಲ ದೊಡ್ಡ ದೊಡ್ಡ ಫ್ಯಾನ್ ಹಾಕ್ಯಾರ. ಅವು ಬಂದ್ ಮ್ಯಾಲ ಮೋಡ ನಿಂದ್ರೂದಿಲ್ಲ, ಹೊಡ್ಕೊಂಡ್ ಓಡಸ್ತಾವ ಅಂತ ನಮ್ಮವ್ವನ ವಾದ. ಖರೇನೋ ಸುಳ್ಳೋ ನೋಡಿ ಹೇಳ್ಲಿ ಅಂತನ ಮಗನ್ನ ಇಷ್ಟು ಓದಿಸೀನಿ ಅಂತ ತಿಳ್ಕೊಂಡಾಳ."

"ಅದಕ್ಕಲ್ವಾ ಓದಿದ್ದು?"

"ಅದಕ್ಕರಿ," ಎಂದ. ನಗು ಇತ್ತು, ತಮಾಷೆ ಇರಲಿಲ್ಲ.

ಯೋಜನೆಯ ಮೊದಲ ಹಂತ ನವರಾತ್ರಿಯ ಹೊತ್ತಿಗೆ ಮುಗಿಯುವುದಿತ್ತು. ನಾನಂತೂ ಇನ್ನೂ ಕೆಲವು ವರ್ಷ ಅಲ್ಲಿಯೇ ಇರುವವಳು. ಅವನ ಹುದ್ದೆ ಯೋಜನೆಯ ಜೊತೆಗೇ ಮುಗಿಯುತ್ತಿತ್ತು. ಎರಡನೇ ಹಂತ ಮಂಜೂರಾದರೆ ಉಳಿಯುತ್ತಾನೆ. ಆ ಹಂತ ಸಿಗಬೇಕಾದರೆ ನೋಡುವಂಥದ್ದು ಏನಾದರೂ ಇದೆ ಎಂದು ನಾವು ತೋರಿಸಬೇಕಿತ್ತು, ಅಂದರೆ ಗಾಳಿಯ ನೆರಳು ನೆಲವನ್ನು ಮುಟ್ಟಬೇಕಿತ್ತು. ಮುಟ್ಟಲಿ ಎಂದು ನಾನು ಬಯಸಲು ಶುರುಮಾಡಿದ್ದು ಯಾವಾಗ ಎಂದು ಖಚಿತವಾಗಿ ಹೇಳಲಾರೆ. ಸಂಸ್ಥೆಯ ಗೇಟಿನ ಹೊರಗೆ ಚಹಾದ ಲಾರಿ ಇತ್ತು. ಆ ಊರಿನಲ್ಲಿ ತಳ್ಳುಗಾಡಿಗೆ ಲಾರಿ ಎನ್ನುತ್ತಾರೆ. ಅಲ್ಲಿ ಅವನು ತನ್ನ ಲೋಟದಿಂದ ಕೆನೆ ತೆಗೆದು ಪಕ್ಕದ ಗಿಡದ ಬುಡಕ್ಕೆ ಎಸೆಯುವುದನ್ನು ನೋಡುತ್ತಿದ್ದ ಯಾವುದೋ ದಿನ ಇರಬೇಕು. ಯಾರಿಗೂ ಹೇಳಲಿಲ್ಲ. ದಿನಚರಿಗೂ ಹೇಳಲಿಲ್ಲ.

ಗೋರ್ವಾದಲ್ಲಿ ಅವನ ಅಕ್ಕ ಇದ್ದರು, ಶೋಭಕ್ಕ. ಅವರ ಗಂಡ ಅಲ್ಲಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಭಾನುವಾರಗಳಂದು ಬೆಳಗಿನ ರೈಲು ಹಿಡಿದು ಇಬ್ಬರೂ ಅಲ್ಲಿಗೆ ಹೋಗುತ್ತಿದ್ದೆವು. ಎಲ್ಲ ಭಾನುವಾರವೂ ಹೋದಂತೆ ನೆನಪು. ಲೆಕ್ಕ ಹಾಕಿದರೆ ಅಷ್ಟೊಂದು ಸಲ ಹೋಗಿರಲು ಸಾಧ್ಯವಿಲ್ಲ. ನೆನಪು ಇಷ್ಟವಾದ ದಿನಗಳನ್ನು ಮತ್ತೆ ಮತ್ತೆ ನಡೆಸುತ್ತದೆಯೇನೋ.

ಬಾಗಿಲು ತೆರೆಯುತ್ತಿದ್ದವಳು ಅವರ ಮಗಳು ಪಿಂಕಿ. ಒಳಗೆ ತಿರುಗಿ ಕೂಗುತ್ತಿದ್ದಳು: "ಮಮ್ಮೀ, ಮಾಮಾ ಆವ್ಯಾ! ವೋ ದೀದಿ ಭೀ ಬಂತು!"

"ಬಂತು ಅಂದ್ರ ಏನ, ನಾಯಿ ಬಂತೇನ?" ಶೋಭಕ್ಕ ಅಡುಗೆಮನೆಯಿಂದಲೇ ಗದರುತ್ತಿದ್ದರು. "ಬರ್ರಿ ವಸುಧಾ ಅವರ, ಒಳಗ ಬರ್ರಿ. ಈ ಹುಡುಗಿಗೆ ಗುಜರಾತಿ ನೀರ ಕುಡದಂಗ ಬರ್ತೈತಿ, ಕನ್ನಡ ಅಂದ್ರ ಗಂಟಲದಾಗ ಸಿಗ್ತೈತಿ."

ಗದಗದಿಂದ ತರಿಸಿದ ಜೋಳದ ಹಿಟ್ಟು, ಎಣ್ಣೆಗಾಯಿ, ಶೇಂಗಾ ಚಟ್ನಿ. ಒಂದು ದಿನ ಹುಮ್ಮಸ್ಸಿನಲ್ಲಿ ನಾನೂ ರೊಟ್ಟಿ ಬಡಿಯಲು ಕೂತೆ. ಹಿಟ್ಟು ಅಂಚಿನಲ್ಲಿ ಬಿರಿದು ನಕ್ಷೆಯಂತಾಯಿತು.

"ಕಂಪ್ಯೂಟರ್‌ದಾಗ ಇಡೀ ಸಮುದ್ರ ಮಾಡ್ತೀರಿ, ಒಂದ್ ರೊಟ್ಟಿ ದುಂಡಗ ಮಾಡಾಕ ಬರಂಗಿಲ್ಲಲ್ರಿ!" ಎಂದರು ಶೋಭಕ್ಕ.

"ಅಕ್ಕಾ, ಅದು ರೊಟ್ಟಿ ಅಲ್ಲ, ಸೌರಾಷ್ಟ್ರದ ಕರಾವಳಿ," ಎಂದ ಮಲ್ಲು. "ನೋಡಿಲ್ಲಿ, ಖಂಭಾತ್ ಕೊಲ್ಲಿನೂ ಬಂದೈತಿ."

ಆ ರೊಟ್ಟಿಯನ್ನು ಅವನೇ ತಿಂದ. ಶೋಭಕ್ಕ ಒಲೆಯ ಮುಂದಿನಿಂದ ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. "ನಮ್ಮ ಮಲ್ಲ್ಯಾಗ ಹುಡುಗಿ ನೋಡಾಕತ್ತೀವ್ರಿ. ನಿಮ್ಮ ಕಡೆ ಯಾರರ ಅದಾರೇನು?"

"ನಮ್ಮ ಕಡೆಯೋರು ಮುದ್ದೆ ತಿನ್ನೋರು ಅಕ್ಕ. ನಡೆಯುತ್ತಾ?"

"ನುಂಗೂದು ಕಲಿಸಿದ್ರ ನುಂಗತಾನ ಬಿಡ್ರಿ. ಇಲ್ಲೇನ್ ಇವಂಗ ರುಚಿ ಗೊತ್ತಾಕ್ಕೈತಿ ಅಂತ ಮಾಡೀರಿ?"

ಮಲ್ಲು ತಟ್ಟೆ ಬಿಟ್ಟು ತಲೆ ಎತ್ತಲಿಲ್ಲ. ಅವನ ಕಿವಿ ಕೆಂಪಾಗಿತ್ತು ಎಂದು ಬರೆಯಬೇಕೆನಿಸುತ್ತದೆ. ಆಗಿತ್ತೋ, ಆಮೇಲೆ ನಾನು ಬಣ್ಣ ಹಚ್ಚಿದೆನೋ.

ಆ ವರ್ಷ ಅಹಮದಾಬಾದಿಗೆ ಮಳೆ ತಡವಾಗಿ ಬಂತು. ಆಕಾಶ ದಿನವಿಡೀ ಬೂದಿ ಬಣ್ಣಕ್ಕಿರುತ್ತಿತ್ತು, ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು, ಹನಿ ಮಾತ್ರ ಇಲ್ಲ. ನಮ್ಮ ಕಂಪ್ಯೂಟರ್ ಯಂತ್ರಗಳ ಕೋಣೆ ಮಾತ್ರ ಗಡಗಡ ನಡುಗುವಷ್ಟು ತಂಪು. ಹೊರಗೆ ಬೆವರು ಒರೆಸಿಕೊಂಡು ಬಂದವರು ಒಳಗೆ ಶಾಲು ಹೊದ್ದು ಕೂರಬೇಕು. ಕೂತು, ಹಿಂದೆಂದೋ ಸುರಿದು ಹೋದ ಮಳೆ ತೆರೆಯ ಮೇಲೆ ಚೌಕ ಚೌಕವಾಗಿ ಮತ್ತೆ ಸುರಿಯುವುದನ್ನು ನೋಡಬೇಕು. ಕಂಬದ ಸಮುದ್ರದ ಓಟ ಮುಗಿಯಲು ಎಷ್ಟೋ ದಿನ ಹಿಡಿಯಿತು. ಯಂತ್ರದ ಸಮಯ ಎಲ್ಲರಿಗೂ ಬೇಕು, ನಮಗೆ ಸಿಕ್ಕದ್ದು ಕಡಿಮೆ. ಆದ್ದರಿಂದ ಬರಿ ಸಮುದ್ರ ಒಂದು ಸಲ, ಕಂಬದ ಸಮುದ್ರ ಒಂದು ಸಲ, ಅಷ್ಟರಲ್ಲೇ ಮುಗಿಸಿದೆವು. ನಮ್ಮ ತಪ್ಪು ಅಲ್ಲೇ ಇತ್ತು. ಆಗ ಅದು ತಪ್ಪಿನ ಹಾಗೆ ಕಾಣಿಸಲಿಲ್ಲ.

ಒಂದು ಬೆಳಿಗ್ಗೆ ಎರಡನ್ನೂ ಕಳೆದು ಮಳೆಯ ನಕ್ಷೆ ತೆಗೆದೆವು. ಸಮುದ್ರದ ಮೇಲೆ ನಿರೀಕ್ಷಿಸಿದಂತೆ ಸೋತ ಗಾಳಿಯ ಗುರುತು. ಅಲ್ಲಿಂದ ದೂರ, ಈಶಾನ್ಯಕ್ಕೆ, ವಡೋದರಾದ ಮೇಲೆ ಅಂಗೈಯಷ್ಟು ಗಾಢ ನೀಲಿ ಕಲೆ. ಕಂಬಗಳು ಬಂದರೆ ಅಲ್ಲಿ ಮಳೆ ಹೆಚ್ಚು.

"ಅರೆ ವಾಹ್!" ದೇಸಾಯಿ ಸರ್ ಕುರ್ಚಿ ಎಳೆದುಕೊಂಡು ತೆರೆಯ ಹತ್ತಿರ ಕೂತರು. "ಗಾಳಿ ಹೋಗುವ ದಾರಿಯಲ್ಲೇ ಇದೆ. ದೇಖೋ, ಬಿಲ್ಕುಲ್ ದಾರಿಯಲ್ಲೇ. ಮಲ್ಲುಭಾಯಿ, ಎರಡನೇ ಹಂತ ಪಕ್ಕಾ ಸಮಜೋ!" ಅಂದೇ ಎಲ್ಲರಿಗೂ ಫಾಫಡಾ, ಜಿಲೇಬಿ ತರಿಸಿದರು. ಅವರು ಹೇಳಿದ ಮಾತು ಬಹುಪಾಲು ಹಿಂದಿಯಲ್ಲಿತ್ತು. ನನ್ನ ತಲೆಯಲ್ಲಿ ಉಳಿದಿರುವುದು ಹೀಗೆ ಬೆರಕೆಯಾಗಿ.

ನನಗೆ ಆ ನೀಲಿ ಕಲೆಯನ್ನು ಮುಟ್ಟಿ ನೋಡಬೇಕೆನಿಸಿತು. ಅಷ್ಟು ಸಂತೋಷ. ಮಲ್ಲುವಿಗೂ ಸಂತೋಷವೇ, ಆದರೆ ಅವನಿಗೊಂದು ತೊಡಕು. "ಅವ್ವಗ ಹೆಂಗ ಹೇಳ್ಲಿ?" ಎಂದ. "ಫ್ಯಾನ್ ಮೋಡ ಓಡಸ್ತಾವ ಅಂತ ಆಕಿ ಅಂದ್ರ, ನಮ್ಮದು ಮೋಡ ಕರಕೊಂಡ್ ಬರ್ತಾವ ಅನ್ನಾಕತ್ತೈತಿ. ಇಷ್ಟು ವರ್ಷ ಓದಿಸಿದ್ದಕ್ಕ ಉಲ್ಟಾ ಬಂತಲ್ಲೋ ಅಂತಾಳ." ಅವತ್ತು ಅವನು ಊರಿಗೆ ಫೋನ್ ಮಾಡಲಿಲ್ಲ.

ಮುಂದಿನ ಭಾನುವಾರ ಗೋರ್ವಾದಲ್ಲಿ ಅಕ್ಕನಿಗೆ ಹೇಳಿದ. ಹೇಳುವಾಗ ಎದೆ ಉಬ್ಬಿತ್ತು. ಶೋಭಕ್ಕ ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಬಿಟ್ಟರು.

"ಎಲ್ಲಿ, ನಮ್ಮ ಮನಿ ಮ್ಯಾಲ?"

"ಮನಿ ಮ್ಯಾಲ ಅಂತಲ್ಲಕ್ಕ. ಈ ಭಾಗಕ್ಕ."

"ಈಗನ ಜೋರ್ ಮಳಿ ಬಂದ್ರ ವಿಶ್ವಾಮಿತ್ರಿ ಹೊಳಿಯೊಳಗಿನ ಮೊಸಳಿ ರಸ್ತಾಕ್ಕ ಬರ್ತಾವ. ನಿಮ್ಮ ಕಂಬ ಬಂದ್ರ ಅಡಗಿಮನ್ಯಾಗ ಬರ್ತಾವೇನು?" ನಾವು ನಕ್ಕೆವು. ಅವರು ನಗಲಿಲ್ಲ. "ನಗಬ್ಯಾಡ್ರಿ. ನಿಮ್ಮ ಮಾವ ಇಲ್ಲೇ ಕೆಳಗಿನ ಓಣ್ಯಾಗ ಒಂದ್ ಮನಿ ನೋಡ್ಯಾರ. ಈ ತಿಂಗಳದಾಗ ಹೌದೋ ಅಲ್ಲೋ ಹೇಳ್ಬೇಕು. ಬ್ಯಾಡ ಅನ್ಲೇನು? ಖರೇ ಐತೇನಲೇ ಮಲ್ಲ್ಯಾ ಇದು?"

ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. "ಇನ್ನೂ ನೋಡಾಕತ್ತೀವಕ್ಕ," ಎಂದ. ಅಲ್ಲಿಯವರೆಗೆ ಆ ಕಲೆಯನ್ನು ನಾವು ನಕ್ಷೆಯಾಗಿ ಕಂಡಿದ್ದೆವು. ಅದರೊಳಗೆ ಒಬ್ಬರು ಮನೆ ಕೊಳ್ಳಬೇಕೋ ಬೇಡವೋ ಎಂದು ಕಾಯುತ್ತಿದ್ದಾರೆ ಎನ್ನುವುದು ತಲೆಗೆ ಬಂದಿರಲಿಲ್ಲ.

ಮರುದಿನ ಚಹಾದ ಲಾರಿಯ ಬಳಿ ನಡೆದದ್ದು ನನಗೆ ತುಂಬ ಸ್ಪಷ್ಟವಾಗಿ ನೆನಪಿದೆ. ಅಷ್ಟು ಸ್ಪಷ್ಟವಾಗಿರುವುದರಿಂದಲೇ ಈಗ ಅನುಮಾನ. ಗಾಳಿಗೆ ಧೂಳು ಏಳುತ್ತಿತ್ತು, ಲೋಟದ ಮೇಲೆ ಅಂಗೈ ಮುಚ್ಚಿ ಹಿಡಿದಿದ್ದೆವು. ಮಲ್ಲು ಹೇಳಿದ: "ವಸು, ನಾವು ಒಂದ ಜೋಡಿ ಓಟ ನೋಡಿ ಮಾತಾಡಾಕತ್ತೀವಿ. ಕಂಬ ಹಾಕೂದ ಬ್ಯಾಡ. ಬರಿ ಸಮುದ್ರದಾಗ ಎಲ್ಲೋ ಒಂದ್ ಮೂಲ್ಯಾಗ ಏನರ ಸಣ್ಣದ ಅಲುಗಿಸಿ ಓಡ್ಸಿ ನೋಡೂಣು."

ಅದರ ಅರ್ಥ ಇಬ್ಬರಿಗೂ ಗೊತ್ತಿತ್ತು. ಮಳೆಗಾಲದ ಆಕಾಶ ಬಲು ಚಂಚಲ. ಎಲ್ಲಾದರೂ ಒಂದು ಚೂರು ಅಲುಗಿದರೆ ಸಾಕು, ದೂರದ ಇನ್ನೆಲ್ಲೋ ಮೋಡ ಬೇರೆ ಜಾಗದಲ್ಲಿ ಒಡೆಯಬಹುದು. ಕಂಬವೇ ಇಲ್ಲದೆಯೂ ಅಂಥದೇ ಕಲೆ ಬಿದ್ದರೆ, ನಮ್ಮ ಕಲೆ ಕಂಬಗಳದ್ದಲ್ಲ, ಆಕಾಶದ ಸ್ವಭಾವದ್ದು. ಆಗ ಎರಡನೇ ಹಂತವೂ ಇಲ್ಲ.

"ಕಲೆ ಹೋಗಿಬಿಟ್ರೆ?" ಎಂದು ನಾನು ಕೇಳಿದೆ.

"ಹೋಗ್ಲಿ," ಎಂದ ಅವನು.

ಎಷ್ಟು ಸಲೀಸಾಗಿ ಹೇಳಿದ! ಇವನಿಗೆ ಹೋಗುವುದು ಇಷ್ಟು ಸುಲಭವೇ ಎಂದುಕೊಂಡೆ. "ಸರಿ, ಓಡಿಸೋಣ," ಎಂದೆ. ಅವನ ಹಾಗೆಯೇ ಸಲೀಸಾಗಿ.

ಕಂಬಗಳನ್ನು ಕಿತ್ತು, ಸಮುದ್ರದ ಒಂದೇ ಒಂದು ಚೌಕದಲ್ಲಿ ಶಾಖವನ್ನು ಯಾವ ಥರ್ಮಾಮೀಟರಿಗೂ ತಿಳಿಯದಷ್ಟು ಹೆಚ್ಚಿಸಿದೆವು. ಓಟ ಮುಗಿಯುವ ಹೊತ್ತಿಗೆ ಹೊರಗೆ ನಿಜವಾದ ಮಳೆ ಬಂದಿತ್ತು. ಬೇವಿನ ಮರದ ಪಟಗಳು ಕರಗಿದ್ದವು. ಸೊಸೈಟಿಯ ಮಕ್ಕಳೆಲ್ಲ ಪಾರ್ಕಿಂಗಿನಲ್ಲಿ ಕುಣಿಯುತ್ತಿದ್ದರು. ನೆನೆದ ದುಪಟ್ಟಾದಲ್ಲೇ ಆ ತಂಪು ಕೋಣೆಗೆ ಹೋದೆ. ಮಲ್ಲು ಮೊದಲೇ ಬಂದು ಕೂತಿದ್ದ. ತೆರೆಯನ್ನು ನನ್ನ ಕಡೆ ತಿರುಗಿಸಿದ.

ವಡೋದರಾದ ಮೇಲೆ ನೀಲಿ ಕಲೆ. ಅಷ್ಟೇ ಗಾಢ, ಸ್ವಲ್ಪ ಪಕ್ಕಕ್ಕೆ.

ದೇಸಾಯಿ ಸರ್ ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಕುರ್ತಾದ ತುದಿಯಿಂದ ಒರೆಸಿದರು. "ಅಚ್ಛಾ. ತೋ ಹಮ್ ಬಾದಲ್ ಕೆ ಮಜಾಕ್ ಪೆ ಜಿಲೇಬಿ ಖಾ ಗಯೇ." ಮೋಡ ಮಾಡಿದ ತಮಾಷೆಗೆ ಜಿಲೇಬಿ ತಿಂದೆವು ಎಂದು ಅವರೇ ನಕ್ಕು, ಬೇರೆ ಗುಂಪುಗಳನ್ನು ಕಾಡಿ ಬೇಡಿ ಯಂತ್ರದ ಸಮಯ ತಂದರು. ಚೂರುಪಾರು ಬದಲಿಸಿ ಎರಡೂ ಸಮುದ್ರಗಳನ್ನು ಮತ್ತೆ ಮತ್ತೆ ಓಡಿಸಿ ಸರಾಸರಿ ತೆಗೆದೆವು. ಪ್ರತಿ ಓಟದಲ್ಲೂ ಕಲೆಗಳು ಎಲ್ಲೆಲ್ಲೋ ಬಿದ್ದವು, ಒಂದನ್ನೊಂದು ಅಳಿಸಿಕೊಂಡವು. ಕೊನೆಗೆ ಉಳಿದದ್ದು ಸಮುದ್ರದ ಮೇಲಿನ ಆ ನೆರಳು ಮಾತ್ರ. ತೀರ ಮುಟ್ಟುವ ಮೊದಲೇ ಅದು ಸುತ್ತಲಿನ ಗಾಳಿಯೊಳಗೆ ಬೆರೆತು ಕಾಣದಾಗುತ್ತಿತ್ತು. ವರದಿಯಲ್ಲಿ ಅದನ್ನೇ ಬರೆದೆವು. ಒಳ್ಳೆಯ ಕೆಲಸ ಎಂದು ಎಲ್ಲರೂ ಹೇಳಿದರು. ಎರಡನೇ ಹಂತ ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಸೂರತ್‌ನಲ್ಲಿ ಒಂದು ಸಭೆಯಿತ್ತು. ವರದಿಯನ್ನು ಅಲ್ಲಿ ಓದಿ, ಸಂಜೆ ಆಟೋ ಮಾಡಿಕೊಂಡು ಡುಮಸ್ ಕಡಲತೀರಕ್ಕೆ ಹೋದೆವು. ಅಲ್ಲಿನ ಮರಳು ಕಪ್ಪು, ನೀರೂ ಕದಡಿದ ಬಣ್ಣದ್ದು. ಜನ ಬರುವುದು ಟೊಮೆಟೊ ಭಜಿ ತಿನ್ನಲು. ಆ ಸಮುದ್ರದ ಗಾಳಿಯನ್ನು ತಿಂಗಳುಗಟ್ಟಲೆ ಅಂಕಿಗಳಲ್ಲಿ ನೋಡಿದ್ದೆವು. ಅದು ಮುಖಕ್ಕೆ ಬಡಿದದ್ದು ಅದೇ ಮೊದಲು. ಭಜಿಯ ಕಾಗದ ಹಾರಿಹೋಗದಂತೆ ಹಿಡಿದುಕೊಂಡು ಅವನು ತಾಯಿಗೆ ಫೋನ್ ಮಾಡಿದ. ಗಾಳಿಯ ಸದ್ದಿಗೆ ಕೇಳುವುದಿಲ್ಲವೆಂದು ಸ್ಪೀಕರ್ ಹಾಕಿದ್ದ.

"ಯವ್ವಾ, ಗೊತ್ತಾತು ಬೇ. ಸಮುದ್ರದಾಗಿನ ಫ್ಯಾನ್ ಮೋಡ ಓಡಸಂಗಿಲ್ಲ."

"ಮತ್ತ ನಮ್ಮ ಗುಡ್ಡದ್ದು?"

"ಅದು ಬ್ಯಾರೆ ಲೆಕ್ಕ ಬೇ. ಅದನ್ನಿನ್ನೂ ನೋಡಿಲ್ಲ."

"ಮನಿ ಮುಂದಿನ ಗುಡ್ಡ ಬಿಟ್ಟು ಮಂದಿ ಸಮುದ್ರ ನೋಡಾಕ ಅಷ್ಟು ದೂರ ಹೋಗಿದ್ಯೇನೋ ಭಾಡ್ಯಾ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಅವನು ಸಮುದ್ರವನ್ನೇ ನೋಡುತ್ತ, "ಗುಡ್ಡದ ಕೆಲಸ ಮಾಡೋರು ಯಾರೋ ಕರೆಯಾಕತ್ತಾರ," ಎಂದ. "ನೀ ಏನಂತಿ?"

ಆ ಪ್ರಶ್ನೆಗೆ ಎಷ್ಟೋ ಉತ್ತರಗಳಿದ್ದವು. "ಒಳ್ಳೆಯದಲ್ವಾ, ನಿಮ್ಮ ತಾಯಿಗೂ ಉತ್ತರ ಸಿಗುತ್ತೆ," ಎಂದೆ.

"ಹೂಂ," ಎಂದ. ನವರಾತ್ರಿಯ ಗರ್ಬಾ ಶುರುವಾಗುವ ಮುಂಚೆ ಹೊರಟುಹೋದ.

ಆಮೇಲಿನ ವರ್ಷಗಳಲ್ಲಿ ನಾನೊಂದು ಹುಚ್ಚು ಲೆಕ್ಕ ಹಾಕುತ್ತಿದ್ದೆ. ಆ ವರ್ಷದಿಂದ ಅವನನ್ನು ತೆಗೆದು ಓಡಿಸಿದರೆ ಏನು ಉಳಿಯುತ್ತದೆ? ಸ್ಯಾಟಲೈಟ್‌ನ ಮನೆ, ಬೇವಿನ ಮರ, ತಂಪು ಕೋಣೆ ಎಲ್ಲ ಇರುತ್ತದೆ. ಗೋರ್ವಾ ಇರುವುದಿಲ್ಲ. ಇಷ್ಟು ಕಳೆದರೆ ಉಳಿಯುವುದು ಅವನು ಮಾಡಿದ್ದು ಎನ್ನಬಹುದೇ? ಅಥವಾ ಆ ವಯಸ್ಸಿಗೆ, ಪರವೂರಿಗೆ, ಕೇಳಿದ ಒಂದು ಕನ್ನಡದ ಮಾತಿಗೆ ಯಾರಿದ್ದರೂ ಅಂಥದೇ ಕಲೆ ಬೀಳುತ್ತಿತ್ತೇ? ಬದುಕನ್ನು ಒಂದು ಚೂರು ಅಲುಗಿಸಿ ಮತ್ತೆ ಮತ್ತೆ ಓಡಿಸಿ ಸರಾಸರಿ ತೆಗೆಯಲು ಬರುವುದಿಲ್ಲ. ಒಂದೇ ಓಟ. ಹಾಗಿದ್ದೂ ಈಗ ನಾನಿರುವ ಹೈದರಾಬಾದಿನಲ್ಲಿ ಪಾಠ ಹೇಳುವಾಗ, ಜೂನ್‌ನಲ್ಲಿ ಕಿಟಕಿ ದಡಾರೆಂದು ಬಡಿದುಕೊಂಡರೆ, ಕರಿಹಲಗೆಗೆ ಬೆನ್ನು ಹಾಕಿ ಒಂದು ಗಳಿಗೆ ನಿಂತುಬಿಡುತ್ತೇನೆ. ವಿದ್ಯಾರ್ಥಿಗಳಿಗೆ ಅದು ಅಭ್ಯಾಸವಾಗಿದೆ.

ಈ ಸಲ ಸೂರತ್‌ನ ಕೆಲಸ ಮಧ್ಯಾಹ್ನವೇ ಮುಗಿಯಿತು. ಡುಮಸ್‌ಗೆ ಹೋದೆ. ಭಜಿಯ ಅಂಗಡಿಗಳು ಹೆಚ್ಚಿವೆ. ಮರಳು ಹಾಗೇ ಇದೆ. ಅವನ ನಂಬರು ನನ್ನ ಬಳಿ ಇತ್ತು. ಹಬ್ಬಗಳಿಗೆ ಇಬ್ಬರೂ ಒಂದು ದೀಪದ ಚಿತ್ರ ಕಳಿಸಿಕೊಳ್ಳುತ್ತೇವೆ, ಅಷ್ಟೇ. ಫೋನ್ ಮಾಡಿದೆ.

"ಏ ವಸು! ಎಲ್ಲಿದ್ದೀ ನೀ? ಏನ ಅದು ಅಷ್ಟು ಸಪ್ಪಳ?"

"ಡುಮಸ್‌ನಲ್ಲಿ. ಗಾಳಿ."

ಅವನು ಸಮಾಚಾರ ಹೇಳಿದ. ಗುಡ್ಡದ ಕೆಲಸ ಇನ್ನೂ ನಡೆದಿದೆ, ಮುಗಿಯುವ ಹಾಗಿಲ್ಲ. ತಾಯಿ ಇನ್ನೂ ಕೇಳುತ್ತಾರೆ. ಶೋಭಕ್ಕ ಕೆಳಗಿನ ಓಣಿಯ ಆ ಮನೆಯನ್ನೇ ತೆಗೆದುಕೊಂಡು ಅಲ್ಲೇ ಇದ್ದಾರೆ. ಪಿಂಕಿ ಈಗ ಕಾಲೇಜು. ಫೋನಿನ ಆ ಕಡೆ ಒಂದು ಮಗು, "ಅಪ್ಪಾ, ಯಾರು?" ಎಂದು ಕೇಳುತ್ತಿತ್ತು. "ನನ್ನ ಗೆಳತಿ, ಸಮುದ್ರದ ಕಡೆಯಾಕಿ," ಎಂದ ಅವನು ಅದಕ್ಕೆ.

"ಮಲ್ಲು, ಒಂದು ವಿಷಯ ಕೇಳ್ಬೇಕಿತ್ತು. ಆ ವರ್ಷದ್ದು ಬರೀಬೇಕು ಅಂತಿದೀನಿ. ಚಹಾದ ಲಾರಿ ಹತ್ರ, ಕಂಬ ಹಾಕ್ದೆ ಓಡಿಸಿ ನೋಡೋಣ ಅಂತ ನೀನು ಹೇಳಿದ್ಯಲ್ಲ, ಆಗ..."

"ನಾ ಎಲ್ಲಿ ಹೇಳಿದ್ನಿ? ನೀ ಹೇಳಿದ್ದು."

"ಇಲ್ಲ ಕಣೋ. ನೀನೇ. ಕಲೆ ಹೋಗಿಬಿಟ್ರೆ ಅಂತ ನಾನು ಕೇಳಿದೆ, ಹೋಗ್ಲಿ ಅಂದೆ ನೀನು."

"ಏ, ಹಂಗ ಕೇಳಿದ್ದು ನಾನ. ಹ್ವಾದ್ರ ಹೋಗ್ಲಿ ಅಂದಿ ನೀ. ಲೋಟದ ಮ್ಯಾಲ ಕೈ ಇಟ್ಕೊಂಡು. ನನಗ ಚೊಲೋ ನೆನಪೈತಿ. ಅವತ್ತ ಅನ್ಕೊಂಡ್ನಿ..." ಅವನು ನಿಲ್ಲಿಸಿದ.

"ಏನು?"

"ಏನಿಲ್ಲ ಬಿಡು. ನಾ ಇದ್ರೂ ಅಷ್ಟ, ಹ್ವಾದ್ರೂ ಅಷ್ಟ ಇಕಿಗೆ, ಅಂತ."

ಅಲೆಗಳು ದೂರದಲ್ಲಿದ್ದವು, ಇಳಿತದ ಹೊತ್ತು. ಇಷ್ಟು ವರ್ಷ ಆ ವಾಕ್ಯವನ್ನು ನಾನು ಹೊತ್ತು ತಿರುಗಿದ್ದೆ. ನನ್ನದರಲ್ಲಿ ಇಕಿಗೆ ಎಂಬ ಜಾಗದಲ್ಲಿ ಇವನಿಗೆ ಎಂದಿತ್ತು, ಅಷ್ಟೇ ವ್ಯತ್ಯಾಸ. ಅದನ್ನು ಅವನಿಗೆ ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಆ ಮಗು ಇನ್ನೂ ಅಲ್ಲೇ ಇತ್ತು, ಅದರ ಉಸಿರು ಕೇಳುತ್ತಿತ್ತು. ಅವನಿಗೂ ಏನೋ ತಿಳಿದಿರಬೇಕು. ದನಿ ಬದಲಿಸಿ ಕೇಳಿದ:

"ಕಂಬ ಬಂದಾವೇನ ಅಲ್ಲೆ? ಕಾಣ್ತಾವೇನು?"

"ಇಲ್ಲಿಂದ ಹೇಗೆ ಕಾಣುತ್ತೆ ಕಣೋ? ಬಂದಿದ್ರೂ ಕಾಣಲ್ಲ."

"ಅಂದ್ರ?"

"ಬರಿ ಸಮುದ್ರ."

ಅವನು ಮೆಲ್ಲಗೆ ನಕ್ಕದ್ದು ಕೇಳಿಸಿತು. "ಫೋನ್ ಆ ಕಡೆ ಹಿಡಿ ಒಂದೀಟು. ಗಾಳಿ ಕೇಳ್ತೀನಿ."

ನಾನು ಫೋನನ್ನು ಸಮುದ್ರದ ಕಡೆ ತಿರುಗಿಸಿ, ತೋಳು ಚಾಚಿ ಹಿಡಿದೆ. ಅವನು ಇನ್ನೂ ಕೇಳುತ್ತಿದ್ದಾನೋ, ಇಟ್ಟುಬಿಟ್ಟನೋ ನೋಡಬಹುದಿತ್ತು. ನೋಡಲಿಲ್ಲ. ತೋಳು ಸೋಲುವವರೆಗೂ ಹಾಗೇ ನಿಂತಿದ್ದೆ. ಗಾಳಿ ನೈಋತ್ಯದಿಂದ, ಎದುರಿಗೆ ಏನೂ ಇಲ್ಲದಂತೆ ಬರುತ್ತಿತ್ತು.